ಗಾಡಿ ಕೆಟ್ಟಿಲ್ಲರೀ, ನಡ್ಕೊಂತ ಹೊಂಟೀನಿ

ಇವತ್ತು ಸಂಜೆ ಕೋತಂಬ್ರಿ ತರೋಕೆ ಮನೆಯಿಂದ ನಡೆದು ಹೊರಟೆ. ಅಷ್ಟೇ ನಾನು ಮಾಡಿದ ತಪ್ಪು. ದಾರೀಲಿ ಮೂರು ಗಾಡಿ ನಿಂತವು. "ಯಾಕ್ರೀ ಸರ, ಗಾಡಿ ಕೆಟ್ಟೈತೇನ್ರೀ?" "ಹತ್ರಿ, ಬಿಡ್ತೀನಿ." ಮೂರನೆಯವರಂತೂ "ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲೋ?" ಅಂತ ಕೇಳಿಬಿಟ್ಟರು. ಬಾಗಲಕೋಟೆಯ ನವನಗರದಲ್ಲಿ ಸುಮ್ನೆ ನಡೆದು ಹೋಗೋ ಹಾಗೇ ಇಲ್ಲ.

ನನ್ನ ಹೊಟ್ಟೆಯ ಕಥೆ ನಿಮಗೆಲ್ಲ ಗೊತ್ತು. ಈಗ 86 ಕಿಲೋ. ಡಾಕ್ಟರು ವಾರಕ್ಕೆ 150 ನಿಮಿಷ ಜೋರಾಗಿ ನಡೀರಿ ಅಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಕನಿಷ್ಠ ಅಷ್ಟೇ. ನಡೀತೀನಿ, ಆದರೆ ಎಲ್ಲಿ? ಫುಟ್‌ಪಾತ್ ಮೇಲೆ ಜಲ್ಲಿ ರಾಶಿ, ಅದರ ಮೇಲೆ ಮಲಗಿದ ನಾಯಿ. ಕೆಳಗಿಳಿದರೆ ಹಿಂದಿನಿಂದ ಹಾರ್ನ್.

ಹಳೇ ಊರಲ್ಲಿ ನಮ್ಮವ್ವ ಜೋಳದ ಡಬ್ಬಿ ಟೊಂಕದ ಮೇಲಿಟ್ಟುಕೊಂಡು ಗಿರಣಿಗೆ ಹೋಗುತ್ತಿದ್ದಳು. ಐದು ನಿಮಿಷದ ದಾರಿಗೆ ಅರ್ಧ ತಾಸು. ಕಟ್ಟೆ ಕಟ್ಟೆಗೂ ಒಂದು ಮಾತು. ಹಿಟ್ಟು ಬಿಸಿ ಇರುವಾಗಲೇ ವಾಪಸು, ಸಂಜೆ ಮತ್ತೆ ಕಾಯಿಪಲ್ಯಕ್ಕೆ, ಗುಡಿಗೆ. ಓಣಿ ಎಷ್ಟು ಸಣ್ಣದು ಅಂದರೆ ಎರಡೂ ಕಡೆಯ ಗೋಡೆಗಳೇ ನೆರಳು ಕೊಡುತ್ತಿದ್ದವು. ವ್ಯಾಯಾಮ ಅನ್ನೋ ಶಬ್ದವನ್ನೇ ಆಕೆ ಕೇಳಿರಲಿಲ್ಲ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಊರಿಗೆ ಬಂತು. ನಾವು ನವನಗರದ ಸೆಕ್ಟರಿಗೆ ಬಂದೆವು. ಅಗಲ ರಸ್ತೆ, ಗಾಳಿ, ಬೆಳಕು, ಎಲ್ಲಾ ಚಂದ. ಗಿರಣಿ ಮಾತ್ರ ದೂರ. ಈಗ ಡಬ್ಬಿ ನನ್ನ ಗಾಡಿಯ ಮುಂದೆ ಕೂತು ಹೋಗುತ್ತದೆ, ಅವ್ವ ಟಿವಿ ಮುಂದೆ ಕೂರುತ್ತಾಳೆ. ಮೊಣಕಾಲು ನೋವು ಬೇರೆ.

ಅಮೆರಿಕದ ಅಟ್ಲಾಂಟಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2004ರಲ್ಲಿ ಬಂತು. ದಿನಕ್ಕೆ ಕಾರಲ್ಲಿ ಕಳೆಯುವ ಒಂದೊಂದು ತಾಸಿಗೂ ಬೊಜ್ಜಿನ ಸಂಭವ ಶೇ 6 ಜಾಸ್ತಿ. ನಡೆಯುವ ಒಂದೊಂದು ಕಿಲೋಮೀಟರಿಗೆ ಶೇ 4.8 ಕಡಿಮೆ. ಮನೆ, ಅಂಗಡಿ, ಆಫೀಸು ಒಂದರ ಪಕ್ಕ ಒಂದು ಇರುವ ಕಡೆ ಬೊಜ್ಜೂ ಕಡಿಮೆಯಂತೆ. ನಮ್ಮ ಓಣಿ ಇದ್ದದ್ದೇ ಹಾಗಲ್ವಾ?

"ನಡೆಯೋ ಹುಚ್ಚಿದ್ದವರೇ ಅಂಥಾ ಜಾಗ ಹುಡುಕಿ ಮನೆ ಮಾಡ್ತಾರಲೇ, ಓಣಿ ಏನ್ ತೆಳ್ಳಗೆ ಮಾಡ್ತೈತಿ?" ಅಂದ ಒಬ್ಬ ಗೆಳೆಯ. ಅಮೆರಿಕದಲ್ಲಿ ಹಾಗಿರಬಹುದಪ್ಪ. ನಾವೇನು ನವನಗರವನ್ನು ಆರಿಸಿಕೊಂಡು ಬಂದವರಾ? ನೀರು ಅಟ್ಟಿಸಿಕೊಂಡು ಬಂದದ್ದಕ್ಕೆ ಬಂದೆವು. "ಮೊದ್ಲು ಮಿರ್ಚಿ ಬಿಡು" ಅಂತಲೂ ಅಂದ. ಮಿರ್ಚಿ, ಗಿರಮಿಟ್ಟು ಹಳೇ ಊರಲ್ಲೂ ತಿಂತಿದ್ದೆವು. ಈಗ ಒಂದು ಪ್ಲೇಟು ಜಾಸ್ತಿ ಆಗಿರಬಹುದು, ಬಿಡಿ.

ಇನ್ನೊಂದು ಹೇಳಲೇಬೇಕು. ಆ ಮೂರನೆಯವರ ಗಾಡಿ ಹತ್ತಿದೆ. ಐದೂವರೆ ಆದರೂ ಬಿಸಿಲು ಇಳಿದಿರಲಿಲ್ಲ, ಒಂದು ಗಿಡದ ನೆರಳೂ ಇರಲಿಲ್ಲ. ಹೋಗುವಷ್ಟರಲ್ಲಿ ಕೋತಂಬ್ರಿ ಖಾಲಿ. ಮೆಂತೆ ತಂದೆ.