ಅಪ್ಪ ತಿಂದ ರಾಗಿ ಹಾಲುಬಾಯಿ

ತೈವಾನಿಗೆ ಹೋಗಿ ಬಂದು ಎಂಟು ತಿಂಗಳಾಯಿತು. ಅವತ್ತಿನಿಂದ ನಾನೂ ನನ್ನ ತಮ್ಮನೂ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇವೆ. ಅಪ್ಪನಿಗೆ ಫೋನಿನಲ್ಲಿ ಇಷ್ಟುದ್ದ ಓದುವ ತಾಳ್ಮೆ ಇಲ್ಲ ಅನ್ನೋ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಯಾರಿಗಾದರೂ ಅವರ ಪರಿಚಯ ಇದ್ದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ತಮ್ಮ ಅಲ್ಲಿನ ಸಿಂಚು ಎಂಬ ಊರಲ್ಲಿ ಚಿಪ್ ಕೆಲಸದಲ್ಲಿದ್ದಾನೆ. ಮೂರು ವರ್ಷದಿಂದ ಬನ್ನಿ ಬನ್ನಿ ಅಂತ ಕರೆಯುತ್ತಿದ್ದ. ಅಪ್ಪ, ಅಮ್ಮ, ನಾನು, ನನ್ನ ಎಂಟು ವರ್ಷದ ಮಗ ಹೊರಟೆವು. ಯಜಮಾನರಿಗೆ ರಜೆ ಸಿಗಲಿಲ್ಲ, ಬಚಾವಾದರು. ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ದೊಡ್ಡ ಬೋರ್ಡು: ಹಂದಿ ಮಾಂಸದ ಪದಾರ್ಥ ತಂದರೆ 2 ಲಕ್ಷ ತೈವಾನ್ ಡಾಲರ್ ದಂಡ. ಹಂದಿ ಜ್ವರ ಒಳಗೆ ಬರಬಾರದು ಅಂತ ಈ ಕಟ್ಟುನಿಟ್ಟು. ಬ್ಯಾಗುಗಳನ್ನು ಮೂಸಿ ನೋಡೋಕೆ ಬೀಗಲ್ ನಾಯಿಗಳೂ ಇವೆ. ಒಂದು ನಾಯಿ ಅಮ್ಮನ ಚಟ್ನಿಪುಡಿ ಬ್ಯಾಗಿನ ಹತ್ತಿರ ಬಂದು, ಒಮ್ಮೆ ಸೀನಿ, ಮುಂದೆ ಹೋಯಿತು. ಅಪ್ಪ ಬೋರ್ಡು ಓದಿ ನಕ್ಕರು. "ನಮಗ್ಯಾಕಪ್ಪಾ ಈ ಭಯ? ಏಳು ತಲೆಮಾರಿಂದ ಮುಟ್ಟಿದೋರಲ್ಲ."

ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಲ್ಲಿ ಸಸ್ಯಾಹಾರಿಗಳಿಗೆ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ನಿಜ ಹೇಳಬೇಕೆಂದರೆ ಬೌದ್ಧರು ಜಾಸ್ತಿ ಇರುವ ಊರು, ಬೀದಿಗೊಂದು ಸಸ್ಯಾಹಾರಿ ಹೋಟೆಲ್ಲು ಸಿಗುತ್ತದೆ. ಎಷ್ಟೋ ಕಡೆ ಬೋರ್ಡಿನ ಮೇಲೆ ಸ್ವಸ್ತಿಕ ಇರುತ್ತದೆ, ಆದರೆ ನಮ್ಮದಕ್ಕೆ ತಿರುವುಮುರುವು. ಅಲ್ಲಿನ ಪಕ್ಕಾ ಸಸ್ಯಾಹಾರದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ ಎಂದು ಕೇಳಿ ಅಮ್ಮನಿಗೆ ಮಠದ ಊಟ ಸಿಕ್ಕಷ್ಟು ಖುಷಿ. ತೊಂದರೆ ಬಂದಿದ್ದು ಭಾಷೆಯಲ್ಲಿ. "ನಾನು ಸಸ್ಯಾಹಾರ ತಿನ್ನುತ್ತೇನೆ" ಅನ್ನೋದಕ್ಕೆ ತಮ್ಮ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟ: ವೋ ಛೀ ಸೂ. ವೋ ಅಂದರೆ ನಾನು, ಛೀ ಅಂದರೆ ತಿನ್ನು, ಸೂ ಅಂದರೆ ಸಸ್ಯಾಹಾರ.

ಅಮ್ಮ ಚೀಟಿ ವಾಪಸ್ ಕೊಟ್ಟಳು. "ಅನ್ನದ ಮುಂದೆ ನಿಂತ್ಕೊಂಡು ಛೀ ಅಂತಾರೇನೋ? ಅನ್ನಪೂರ್ಣೇಶ್ವರಿ ಮುನಿಸ್ಕೊಳ್ಳಲ್ವಾ?"

ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಛೀ ಬಿಟ್ಟು ಬರೀ "ವೋ ಸೂ, ವೋ ಸೂ" ಅಂತ ಕೈಮುಗಿಯುತ್ತಿದ್ದಳು. ನಾನೇ ಸೊಪ್ಪು, ನಾನೇ ಸೊಪ್ಪು ಅಂದ ಹಾಗಾಯಿತು ಅಂತ ತಮ್ಮ ತಲೆ ಚಚ್ಚಿಕೊಂಡ. ಆದರೆ ಸೂ ಅಕ್ಷರವನ್ನು ಮಾತ್ರ ಅಮ್ಮ ಚೆನ್ನಾಗಿ ಗುರುತು ಮಾಡಿಕೊಂಡಳು. ಮೇಲೆ ಮೂರು ಅಡ್ಡಗೆರೆ, ನಡುವೆ ಒಂದು ಗಂಟು, ಕೆಳಗೆ ಮೂರು ಕಾಲು. ರಂಗೋಲಿ ಹಾಕುವವರಿಗೆ ಇದೆಲ್ಲ ಏನು ಮಹಾ.

ಮೊದಲು ಹೋಗಿದ್ದು ಜಿಯೂಫೆನ್‌ಗೆ. ಉತ್ತರದಲ್ಲಿ, ಸಮುದ್ರ ಕಾಣುವ ಗುಡ್ಡದ ಮೇಲಿನ ಊರು. ಹಿಂದೆ ಅಲ್ಲಿ ಒಂಬತ್ತೇ ಮನೆಗಳಿದ್ದವಂತೆ, ಸಾಮಾನು ತರಿಸುವಾಗ ಏನೇ ಆದರೂ "ಒಂಬತ್ತು ಪಾಲು" ಅನ್ನುತ್ತಿದ್ದರಂತೆ, ಅದೇ ಊರಿನ ಹೆಸರಾಯಿತು. ಆಮೇಲೆ ಚಿನ್ನ ಸಿಕ್ಕಿತು, ಊರು ತುಂಬಿತು, ಚಿನ್ನ ಖಾಲಿಯಾಗಿ 1971ರಲ್ಲಿ ಗಣಿ ಮುಚ್ಚಿತು, ಊರೂ ಮಲಗಿತು. 1989ರಲ್ಲಿ ಹೌ ಸಿಯಾವೊ-ಸಿಯೆನ್ ಎಂಬ ನಿರ್ದೇಶಕರು ಅಲ್ಲಿ ತೆಗೆದ ಸಿನಿಮಾಕ್ಕೆ ವೆನಿಸ್‌ನಲ್ಲಿ ದೊಡ್ಡ ಪ್ರಶಸ್ತಿ ಬಂದ ಮೇಲೆ ಜನ ಮತ್ತೆ ಬರತೊಡಗಿದರು. ಅಪ್ಪ ಹುಟ್ಟಿ ಬೆಳೆದಿದ್ದು ಬಂಗಾರಪೇಟೆ. ಇದನ್ನು ಕೇಳಿ ನಿಟ್ಟುಸಿರು ಬಿಟ್ಟರು. "ನಮ್ಮ ಕೆಜಿಎಫ್ ಗಣಿನೂ 2001ರಲ್ಲಿ ಮುಚ್ತು, ಆಮೇಲೆ ಸಿನಿಮಾನೂ ಬಂತು. ತಿಂಡಿ ಬೀದಿ ಮಾತ್ರ ಬರ್ಲಿಲ್ಲ ನೋಡು." ಪಕ್ಕದ ಜಿಂಗ್ವಾಶಿಯ ಚಿನ್ನದ ಮ್ಯೂಸಿಯಂನಲ್ಲಿ 220 ಕೆಜಿಯ ಚಿನ್ನದ ಗಟ್ಟಿಯನ್ನು ಗಾಜಿನ ತೂತಿನೊಳಗೆ ಕೈ ಹಾಕಿ ಮುಟ್ಟಬಹುದು. ಅಮ್ಮ ಎಷ್ಟು ಹೊತ್ತು ಸವರಿದಳೆಂದರೆ ಹಿಂದಿನವರು ಕೆಮ್ಮಿದರು.

ಜಿಯೂಫೆನ್ ಬೀದಿ ಅಂದರೆ ಬೀದಿಯಲ್ಲ, ಅಂಗಡಿಗಳ ನಡುವೆ ಬಿಟ್ಟ ಸಂದಿ. ಮೇಲೆ ಮಳೆ, ಕೆಳಗೆ ಮೆಟ್ಟಿಲು, ಎದುರಿನವರ ಛತ್ರಿ ಕಡ್ಡಿ ನೇರ ನಮ್ಮ ಕಿವಿಗೆ. ಒಂದು ಕಡೆ ಇಟ್ಟಿಗೆಗಿಂತ ದೊಡ್ಡ ಕಡಲೆ ಮಿಠಾಯಿ ಗಟ್ಟಿ ಇಟ್ಟುಕೊಂಡು, ಬಡಗಿ ಮರ ಕೀಸುವ ಹಾಗೆ ಹತ್ತರಿಯಿಂದ ಸರ್ ಸರ್ ಅಂತ ಕೀಸುತ್ತಿದ್ದರು. ಆ ಪುಡಿಯನ್ನು ತೆಳ್ಳನೆ ಹಾಳೆಯಂಥ ರೊಟ್ಟಿಯ ಮೇಲೆ ಹರಡಿ, ಐಸ್‌ಕ್ರೀಮ್ ಉಂಡೆ ಇಟ್ಟು, ಮೇಲೆ ಒಂದು ಹಿಡಿ ಹಸಿ ಕೊತ್ತಂಬರಿ ಸೊಪ್ಪು ಹಾಕಿ ಸುತ್ತಿ ಕೊಡುತ್ತಾರೆ. "ಐಸ್‌ಕ್ರೀಮಿಗೆ ಕೊತ್ತಂಬರಿ ಹಾಕಿದೋರು ಸಾಸಿವೆ ಒಗ್ಗರಣೆ ಒಂದು ಯಾಕೆ ಬಿಟ್ರೋ" ಅಂದಳು ಅಮ್ಮ. ಹಾಗನ್ನುತ್ತಲೇ ಎರಡು ತಿಂದಳು. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅನಾಹುತಕ್ಕೆ ಕಾರಣ ಇದೇ ಐಸ್‌ಕ್ರೀಮು. ಕಡಲೆಕಾಯಿ ಪುಡಿ ಮತ್ತು ಕೊತ್ತಂಬರಿ ಇದ್ದರೆ ಅದು ಸಸ್ಯಾಹಾರವೇ ಅಂತ ಅಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಮೊದಲೇ ಬಂಗಾರಪೇಟೆಯವರು, ಪಾನಿಪುರಿಯ ಊರು, ಬೀದಿ ತಿಂಡಿಯಲ್ಲಿ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಜನ. ನಾವು ಮಗನಿಗೆ ರೇನ್‌ಕೋಟ್ ಹಾಕುವಷ್ಟರಲ್ಲಿ ಮುಂದಿನ ಗಾಡಿಯಲ್ಲಿ ಏನೋ ಕೊಂಡೇಬಿಟ್ಟಿದ್ದರು. ಕಡ್ಡಿಗೆ ಚುಚ್ಚಿದ, ಅಂಗೈ ಉದ್ದದ, ಕಪ್ಪಗೆ ಮೆತ್ತಗೆ ಹೊಳೆಯುವ ಬಿಲ್ಲೆ. ಹಬೆಯಾಡುತ್ತಿತ್ತು. ಸುತ್ತ ಕಡಲೆಕಾಯಿ ಪುಡಿ, ಮೇಲೆ ಕೊತ್ತಂಬರಿ.

"ರಾಗಿ ಹಾಲುಬಾಯಿ ಕಣೇ!" ಅಂದರು ಅಪ್ಪ, ಬಾಯಿ ತುಂಬಿಕೊಂಡೇ. "ಸೇಮ್ ನಮ್ಮ ಅಜ್ಜಿ ಮಾಡ್ತಿದ್ದಂಗೆ. ಸಿಹಿ ಒಂಚೂರು ಕಮ್ಮಿ."

ಅಮ್ಮನ ಹೊಟ್ಟೆ ತುಂಬಿತ್ತು, ಬೇಡ ಅಂದಳು. ಮಗ ಕಪ್ಪಗಿದೆ ಅಂತ ಮೂತಿ ತಿರುಗಿಸಿದ. ನನಗೂ ಒಂದು ತುಂಡು ಕೊಟ್ಟರು. ಆ ವಿಷಯ ಇಲ್ಲಿಗೇ ಬಿಡೋಣ. ಆಮೇಲೆ ಸುಮ್ನೆ, ಹೆಸರು ಬರೆದಿಟ್ಟುಕೊಳ್ಳೋಣ ಅಂತ ಫೋನಿನ ಕ್ಯಾಮೆರಾವನ್ನು ಗಾಡಿಯ ಬೋರ್ಡಿಗೆ ಹಿಡಿದೆ. ಅಕ್ಷರಗಳು ಒಂದು ಕ್ಷಣ ನಡುಗಿ ಕನ್ನಡವಾದವು: ಹಂದಿ ರಕ್ತದ ಕೇಕ್.

ಇನ್ನೊಮ್ಮೆ ಹಿಡಿದೆ. ಅದೇ ಬಂತು. ಅಂಟಕ್ಕಿಯನ್ನು ಹಂದಿಯ ರಕ್ತದಲ್ಲಿ ಕಲಸಿ, ಹಬೆಯಲ್ಲಿ ಬೇಯಿಸಿ ಮಾಡುವ ತಿಂಡಿ ಅದು. ಅಲ್ಲಿ ಬಲು ಪ್ರಸಿದ್ಧ. ಮಾತಾಡದೆ ಫೋನನ್ನು ತಮ್ಮನ ಮುಖದ ಮುಂದೆ ಹಿಡಿದೆ. ಅವನು ಓದಿದ, ಅಪ್ಪನ ಕಡೆ ನೋಡಿದ, ಅಪ್ಪ ಕಡ್ಡಿಗೆ ಅಂಟಿದ್ದನ್ನು ಹಲ್ಲಿನಿಂದ ಬಿಡಿಸುತ್ತಿದ್ದರು.

"ಅಕ್ಕಾ," ಅಂದ ಮೆಲ್ಲಗೆ, "ಫೋನ್ ಒಳಗಿಡು."

"ಇನ್ನೊಂದು ಕೊಡ್ಸೋ," ಅಂದರು ಅಪ್ಪ.

"ಖಾಲಿ ಆಯ್ತಂತೆ ಅಪ್ಪಾ," ಅಂದ ಅವನು. ಹಿಂದೆ ಗಾಡಿಯ ಹೆಂಗಸು ಹೊಸ ಹತ್ತು ಬಿಲ್ಲೆಗಳನ್ನು ಪುಡಿಯಲ್ಲಿ ಹೊರಳಿಸುತ್ತಿದ್ದಳು.

ಪಾಪ ಅಲ್ಲಿಗೇ ಮುಗಿಯಲಿಲ್ಲ, ಸಾಕ್ಷಿಯೂ ಜೊತೆಗೆ ಬಂತು. ಅಲ್ಲಿ ಬೀದಿಯಲ್ಲಿ ಕಸದ ಡಬ್ಬಿ ಹುಡುಕಿದರೂ ಸಿಗುವುದು ಅಪರೂಪ. ಅವರವರ ಕಸ ಅವರವರ ಜೊತೆ. ಅಪ್ಪನ ಕಡ್ಡಿ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ, ರಾಯರ ಮಂತ್ರಾಕ್ಷತೆ ಪೊಟ್ಟಣದ ಪಕ್ಕದಲ್ಲೇ ಸಿಂಚುವರೆಗೆ ಬಂತು. ಸಂಜೆ ಮನೆಯ ಕೆಳಗೆ ಸಂಗೀತ ಕೇಳಿಸಿತು, ಟಿರಿರಿ ಟಿರಿರಿ ಅಂತ ಬೀಥೋವನ್. ಮಗ ಐಸ್‌ಕ್ರೀಮ್ ಗಾಡಿ ಬಂತು ಅಂತ ನೂರು ಡಾಲರ್ ನೋಟು ಹಿಡಿದು ಮೆಟ್ಟಿಲು ಇಳಿದು ಓಡಿದ. ಅದು ಕಸದ ಲಾರಿ! ನಮ್ಮ ಬೆಂಗಳೂರಿನ ಕಸದ ಆಟೋ ಹಾಡು ಹಾಕಿಕೊಂಡು ಬರುವ ಹಾಗೆ ಅಲ್ಲಿ ಲಾರಿ ಪಿಯಾನೋ ನುಡಿಸುತ್ತಾ ಬರುತ್ತದೆ. ಇಡೀ ಬೀದಿ ಚೀಲ ಹಿಡಿದು ನಿಂತಿತ್ತು, ನಡುವೆ ನನ್ನ ಮಗ ನೋಟು ಹಿಡಿದು. ಹಿಂದೆಯೇ ಹೋದ ತಮ್ಮ ಆ ಕಡ್ಡಿಯನ್ನು ಲಾರಿಗೆ ಎಸೆದು, ಎರಡೂ ಕೈ ಒರೆಸಿಕೊಂಡು ಬಂದ.

ಮರುದಿನ ಬೇಯ್‌ಪೂ. ಸಿಂಚು ಪಕ್ಕದ, ಹಕ್ಕಾ ಎಂಬ ಸಮುದಾಯದವರ ಹಳೇ ಊರು. ಅಲ್ಲಿ ಲೇಯ್ ಛಾ ಅಂತ ಒಂದು ಟೀ, ಮಾಡಿ ಕೊಡುವುದಿಲ್ಲ, ನೀವೇ ಅರೆದುಕೊಳ್ಳಬೇಕು. ಒಳಗೆ ಗೀರುಗಳಿರುವ ಮಣ್ಣಿನ ಬಟ್ಟಲು, ಒಂದು ಮರದ ಕೋಲು, ಎಳ್ಳು, ಕಡಲೆಕಾಯಿ, ಟೀ ಸೊಪ್ಪು. ಎಣ್ಣೆ ಬಿಡುವ ತನಕ ಅರೆದು, ಬಿಸಿನೀರು ಹುಯ್ದು, ಮೇಲೆ ಪುರಿ ಹಾಕಿಕೊಂಡು ಕುಡಿಯುವುದು. ಅಮ್ಮ ಸೆರಗು ಸಿಕ್ಕಿಸಿದಳು. ಮದುವೆಯಾಗಿ ಬಂದಾಗ ಮಿಕ್ಸಿ ಇಲ್ಲದ ಮನೆಯಲ್ಲಿ ಹದಿನಾಲ್ಕು ಜನಕ್ಕೆ ಚಟ್ನಿ ಅರೆದವಳು. ಐದು ನಿಮಿಷದಲ್ಲಿ ಎಣ್ಣೆ ಬಿಡಿಸಿ, ಪಕ್ಕದ ಟೇಬಲ್ಲಿನಲ್ಲಿ ಕೈನೋವು ಅಂತ ಒದ್ದಾಡುತ್ತಿದ್ದ ಹುಡುಗ ಹುಡುಗಿಯರ ಬಟ್ಟಲನ್ನೂ ಎಳೆದುಕೊಂಡಳು. ಆಮೇಲೆ ಅದರ ಪಕ್ಕದ್ದು. ನಮ್ಮ ಬಸ್ಸು ಹೋಯಿತು. ಅಪ್ಪ ಬಟ್ಟಲೊಳಗೆ ಇಣುಕಿ "ಹಾಲು ಎಲ್ಲಿ?" ಅಂತ ಕೇಳುತ್ತಲೇ ಇದ್ದರು. ಅಲ್ಲೇ ಇನ್ನೊಂದು ದುಬಾರಿ ಟೀ ಸಿಗುತ್ತದೆ, ಸಣ್ಣ ಹಸಿರು ಹುಳ ಕಚ್ಚಿದ ಎಲೆಯಿಂದಲೇ ಅದಕ್ಕೆ ಜೇನಿನಂಥ ಘಮ. ಹುಳ ಹಿಡಿದ ಎಲೆಯನ್ನು ಅಷ್ಟು ಬೆಲೆಗೆ ಮಾರಿ ಬಂದೆ ಅಂತ ಹೇಳಿದ ರೈತನನ್ನು ಊರವರು ನಂಬಲಿಲ್ಲವಂತೆ, ಅದಕ್ಕೇ ಆ ಟೀಗೆ "ಬಡಾಯಿ ಟೀ" ಅಂತ ಹೆಸರು. ಹುಳುಕು ಬದನೆಕಾಯಿಗೆ ಅರ್ಧ ರೇಟು ಕೇಳುವ ಅಮ್ಮನೂ ನಂಬಲಿಲ್ಲ.

ಕೊನೆಯದು ಲುಕಾಂಗ್. ತೈನಾನ್ ಮೊದಲು, ಲುಕಾಂಗ್ ಎರಡನೆಯದು, ಮೆಂಗ್‌ಜಿಯಾ ಮೂರನೆಯದು ಅಂತ ಗಾದೆಯಲ್ಲೇ ಜಾಗ ಹಿಡಿದಿದ್ದ ಬಂದರು, ಹೂಳು ತುಂಬಿ ಹಳೇ ಊರಾಯಿತು. ಅಲ್ಲೊಂದು ಓಣಿ ಇದೆ, ಕಿರಿದಾದ ಕಡೆ ಅಗಲ ಸುಮಾರು 70 ಸೆಂಟಿಮೀಟರ್. ಅದಕ್ಕೆ ಎರಡು ಹೆಸರು. ಒಂದನ್ನು ತಮ್ಮ ಅಪ್ಪ ಅಮ್ಮನ ಎದುರಿಗೆ ಅನುವಾದ ಮಾಡಲಿಲ್ಲ. ಇನ್ನೊಂದು "ಸಜ್ಜನರ ಓಣಿ", ಎದುರಿಗೆ ಯಾರಾದರೂ ಬಂದರೆ ಸಜ್ಜನನಾದವನು ಹಿಂದೆ ಸರಿದು ದಾರಿ ಬಿಡಬೇಕು. ಅಪ್ಪ ಮಹಾ ಸಜ್ಜನರು. ಎದುರಿಂದ ಪ್ರವಾಸಿಗಳ ಗುಂಪೊಂದು ಬಂತು. ಮೂರು ಸಲ ಪೂರ್ತಿ ರಿವರ್ಸ್ ಬಂದರು.

ಆ ಊರಿನ ಹೆಸರುವಾಸಿ ತಿಂಡಿ, ಉದ್ದಕ್ಕೆ ಚಪ್ಪಟೆಯಾಗಿರುವ ಒಂದು ಬಿಸ್ಕತ್ತು. ಮೈದಾ ಹಿಟ್ಟು, ಒಳಗೆ ಅಂಟಂಟು ಸಿಹಿ ಪಾಕ. ಪೊಟ್ಟಣದ ಮೇಲಿನ ಸೂ ಅಕ್ಷರವನ್ನು ಅಮ್ಮನೇ ದೂರದಿಂದ ಕಂಡುಹಿಡಿದಳು. ಆದರೆ ಅಷ್ಟರಲ್ಲಿ ಅಪ್ಪನಿಗೆ ಮಗ ಫೋನಿನ ಅನುವಾದ ಕಲಿಸಿಬಿಟ್ಟಿದ್ದ. ತಾತ ಬೋರ್ಡಿಗೆ ಫೋನು ಹಿಡಿದರು: ಹಸುವಿನ ನಾಲಿಗೆಯ ಕೇಕ್.

ಆಕಾರಕ್ಕೆ ಆ ಹೆಸರು, ಒಳಗೆ ಹಸುವೂ ಇಲ್ಲ ನಾಲಿಗೆಯೂ ಇಲ್ಲ ಅಂತ ತಮ್ಮ ಎಷ್ಟು ಹೇಳಿದರೂ ಅಪ್ಪ ಜಗ್ಗಲಿಲ್ಲ. ಅಂಗಡಿಯ ಮುಂದೆಯೇ ಭಾಷಣ ಶುರುವಾಯಿತು. ಪರದೇಶಕ್ಕೆ ಬಂದ ಮಾತ್ರಕ್ಕೆ ಆಚಾರ ಬಿಡಬೇಕಾಗಿಲ್ಲ, ಬಾಯಿಗಿಡುವ ಮೊದಲು ನಾಲ್ಕು ಸಲ ವಿಚಾರಿಸಬೇಕು, ನಿಮ್ಮ ಪೀಳಿಗೆಗೆ ಕಂಡಿದ್ದೆಲ್ಲ ತಿನ್ನೋ ಚಪಲ. ಅಮ್ಮ ನಿರಾಳವಾಗಿ ಎರಡನೇ ಬಿಸ್ಕತ್ತು ಮುರಿಯುತ್ತಿದ್ದಳು. ನಾನು ದೇವಸ್ಥಾನದ ಗೋಪುರ ನೋಡುತ್ತಿದ್ದೆ. ತಮ್ಮ ಕೆಳಗೆ ಕೂತು, ಕಟ್ಟಿಯೇ ಇದ್ದ ಶೂ ಲೇಸ್ ಬಿಚ್ಚಿ ಕಟ್ಟುತ್ತಿದ್ದ.

ಊರಿಗೆ ಬಂದ ಮೇಲೆ ಅಪ್ಪ ನೆಂಟರಿಷ್ಟರಿಗೆಲ್ಲ ಹೇಳಿದ್ದು ಒಂದೇ ತಿಂಡಿಯ ಬಗ್ಗೆ. ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ "ಬರುವಾಗ ಆ ಹಾಲುಬಾಯಿ ಎರಡು ತಗೊಂಡು ಬಾರೋ" ಅಂತಾರೆ, ತಕ್ಷಣ ತಮ್ಮನ ನೆಟ್‌ವರ್ಕ್ ಹಾಳಾಗುತ್ತದೆ. ಈ ಕಾಟ ತಡೆಯಲಾರದೆ ಮೊನ್ನೆ ಭಾನುವಾರ ಅಮ್ಮ ರಾಗಿ ನೆನೆಸಿ, ಅರೆದು, ಹಾಲು ತೆಗೆದು, ಬೆಲ್ಲ ಹಾಕಿ ಕೈ ಬಿಡದೆ ಕಲಕಿ ಹಾಲುಬಾಯಿ ಮಾಡಿದಳು. ಅಪ್ಪ ಹೇಳಿದ ಹಾಗೇ ಕಡಲೆಕಾಯಿ ಪುಡಿಯಲ್ಲಿ ಹೊರಳಿಸಿ, ಕೊತ್ತಂಬರಿ ಉದುರಿಸಿ, ಐಸ್‌ಕ್ರೀಮ್ ಕಡ್ಡಿ ಚುಚ್ಚಿ ಕೊಟ್ಟಳು. ಅಪ್ಪ ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು.

"ಚೆನ್ನಾಗಿದೆ," ಅಂದರು. "ಆದ್ರೆ ಆ ರುಚಿ ಬರ್ಲಿಲ್ಲ ಕಣೇ. ಅಲ್ಲೇನೋ ಬೇರೆ ಹಾಕ್ತಾರೆ."