ಹೊಲಿಗೆ ಬಳ್ಳಾರಿದು, ಲೇಬಲ್ ಯುರೋಪಿಂದು

ಪ್ಯಾಂಟು ಯಾರು ಹೊಲಿದರೂ ನಡೆದೀತು, ಸೊಂಟದ ಮೇಲಿನ ಲೇಬಲ್ ಗಟ್ಟಿಯಾಗಿರಬೇಕು. ಜೀನ್ಸ್ ಹೊಲಿಯುವ ಬಳ್ಳಾರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ಜ್ಞಾನ ಈಗ ಆರ್ಕಿಟೆಕ್ಚರ್ ಶಿಕ್ಷಣಕ್ಕೂ ದಾಟಿದೆ. ಬೈಪಾಸ್ ಪಕ್ಕದಲ್ಲಿ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳಿ. ಗೇಟಿಗೆ ಫ್ಲೆಕ್ಸ್: ‘ಯುರೋಪ್ ಸಹಯೋಗದ ಎಂ.ಆರ್ಕ್’, ಅಂದರೆ ಆರ್ಕಿಟೆಕ್ಚರಿನ ಸ್ನಾತಕೋತ್ತರ ಪದವಿ. ಅದರಲ್ಲಿ ಇಬ್ಬರು ಕೈ ಕುಲುಕುತ್ತಿದ್ದಾರೆ, ಹಿಂದೆ ಹಂಪಿಯ ಕಲ್ಲಿನ ರಥ. ಆ ರಥದ ಗಾಲಿ ತಿರುಗದಂತೆ ಸಿಮೆಂಟು ಹಾಕಿ ಎಷ್ಟೋ ಕಾಲವಾಯಿತು. ಫ್ಲೆಕ್ಸ್ ಮಾಡಿದ ಹುಡುಗನಿಗೆ ಒಪ್ಪಂದದ ಗತಿ ಮೊದಲೇ ಹೊಳೆದಿತ್ತೋ ಏನೋ.

ಒಪ್ಪಂದಪತ್ರ ನಾಲ್ಕು ಪುಟ. ಮೂರು ಪುಟದಲ್ಲಿ ಪರಸ್ಪರ ಗೌರವ, ನಾಲ್ಕನೆಯದರಲ್ಲಿ ಸಹಿ. ಕ್ರೆಡಿಟ್ (ಓದಿನ ಹೊರೆ ಅಳೆಯುವ ಮಾನ), ಕ್ಯಾಲೆಂಡರ್, ಶುಲ್ಕ, ಮೌಲ್ಯಮಾಪನ ಎಲ್ಲಕ್ಕೂ ‘ಅನುಬಂಧ ನೋಡಿ’ ಎಂದಿದೆ. ಅನುಬಂಧ ಖಾಲಿ.

ಯುಜಿಸಿಯ 2022ರ ನಿಯಮ ಓದಿದ್ದರೆ ಫ್ಲೆಕ್ಸಿನ ಖರ್ಚಾದರೂ ಉಳಿಯುತ್ತಿತ್ತು. ಅನುಮತಿಗೆ ಕಾಯದೆ ಸಹಯೋಗ ಮಾಡಿಕೊಳ್ಳಬೇಕೆಂದರೆ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ನಾಲ್ಕಕ್ಕೆ ಕನಿಷ್ಠ 3.01 ಅಂಕವೋ, ಕೇಂದ್ರದ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯಗಳ ಮೊದಲ 100ರೊಳಗಿನ ಸ್ಥಾನವೋ ‘ಶ್ರೇಷ್ಠ ಸಂಸ್ಥೆ’ಯೆಂಬ ಕೇಂದ್ರದ ಪಟ್ಟವೋ ಬೇಕು. ಟ್ವಿನ್ನಿಂಗ್, ಅಂದರೆ ಸ್ವಲ್ಪ ಅಲ್ಲಿ ಓದಿ ಪದವಿ ಇಲ್ಲಿ ಪಡೆಯುವುದಾದರೆ, ವಿದೇಶದ ಓದಿನ ಪಾಲು ಶೇ 30 ಮೀರುವಂತಿಲ್ಲ. ಜಂಟಿ ಪದವಿಯಾದರೆ ಎರಡೂ ಕಡೆ ತಲಾ ಶೇ 30 ಆದರೂ ಓದಿರಬೇಕು. ಆನ್‌ಲೈನ್ ಕೋರ್ಸಿಗೆ ಈ ನಿಯಮ ಅನ್ವಯಿಸದು, ಫ್ರಾಂಚೈಸಿಗಂತೂ ಜಾಗವೇ ಇಲ್ಲ. ಅಂದರೆ ಲೇಬಲ್ ಮಾತ್ರ ತರಿಸಿ ಹೊಲಿದುಕೊಳ್ಳುವ ವ್ಯವಹಾರ ಬಂದ್. ಮೇಲೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ಒಪ್ಪಿಗೆ ಬೇರೆ. ಕಾಲೇಜಿನವರನ್ನು ಕೇಳಿದರೆ, ‘ಅದೆಲ್ಲ ಆಮೇಲೆ ನೋಡೋಣ್ರೀ, ಮೊದಲು ಫೋಟೊ ಆಗ್ಲಿ.’

ಇನ್ನು ಕ್ರೆಡಿಟ್ ಲೆಕ್ಕ. ಯುರೋಪಿನಲ್ಲಿ ವರ್ಷಕ್ಕೆ 60, ಒಂದೊಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ದುಡಿಮೆ. ಮನೆಯಲ್ಲಿ ಕೂತು ಮಾದರಿ ಅಂಟಿಸಿದ್ದೂ ಅದರಲ್ಲೇ ಬಂತು. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40. ಹಾಗಾಗಿ ಅವರ ಒಂದೂವರೆ ಕ್ರೆಡಿಟ್ ನಮ್ಮ ಒಂದಕ್ಕೆ ಸಮ ಎಂದು ಮೊದಲೇ ಬರೆದುಕೊಳ್ಳಬೇಕು. ಬರೆಯದಿದ್ದರೆ ಅಲ್ಲಿ 30 ಗಳಿಸಿ ಬಂದ ವಿದ್ಯಾರ್ಥಿಗೆ ಇಲ್ಲಿ 20 ಸಿಗಬೇಕೋ 30 ಸಿಗಬೇಕೋ ಎಂಬ ವ್ಯಾಜ್ಯ ಕೊನೆಯ ಸೆಮಿಸ್ಟರಿನಲ್ಲಿ, ಅಂಕಪಟ್ಟಿ ಮುದ್ರಿಸುವ ಹೊತ್ತಿಗೆ ಏಳುತ್ತದೆ. ಜರ್ಮನಿಯಲ್ಲಾದರೆ 1.0 ಅತ್ಯುತ್ತಮ, 4.0 ಬರೀ ಪಾಸು. ಮಗಳಿಗೆ ‘ಒಂದು’ ಬಂತೆಂದು ಕೇಳಿದ ಸಿರುಗುಪ್ಪದ ಅಪ್ಪ ಭತ್ತದ ಗದ್ದೆಯ ಬದುವಿನ ಮೇಲೆ ಕುಸಿದು ಕೂರುತ್ತಾನೆ. ಅಲ್ಲಿಯವರು ಇಂಥದ್ದಕ್ಕೆ ಸೂತ್ರ ಇಟ್ಟಿದ್ದಾರೆ. ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದು ಕೂಡಿಸಬೇಕು. ಪಾಸು 50 ಇದ್ದಲ್ಲಿ ನೂರಕ್ಕೆ 75 ಅಂಕವೆಂದರೆ 2.5. ಒಂದೇ ಸಾಲಿನ ಈ ಲೆಕ್ಕ ಅನುಬಂಧದಲ್ಲಿದ್ದರೆ ಅಪ್ಪ ಎದ್ದು ಮನೆಗೆ ಹೋಗುತ್ತಿದ್ದ.

ಕ್ಯಾಲೆಂಡರಂತೂ ಕೇಳಲೇಬೇಡಿ. ಅಲ್ಲಿ ಅಕ್ಟೋಬರಿನಲ್ಲಿ ತರಗತಿ ಶುರು. ಇಲ್ಲಿ ಆ ಹೊತ್ತಿಗೆ ಸ್ನಾತಕೋತ್ತರ ಪ್ರವೇಶದ ಪಿಜಿಸಿಇಟಿಯ ಕೊನೇ ಸೀಟು ಹಂಚಿಕೆ ಸುತ್ತು ಮುಗಿದಿದ್ದರೆ ನಮ್ಮ ಪುಣ್ಯ. ಸೆಮಿಸ್ಟರ್ ಪೂರ್ತಿ ಅಲ್ಲಿರಲು 90 ದಿನದ ಷೆಂಗೆನ್ ವೀಸಾ ಸಾಲದು, ರಾಷ್ಟ್ರೀಯ ವೀಸಾ ಬೇಕು. ಜರ್ಮನಿಗಾದರೆ 2025ರಲ್ಲಿ ವರ್ಷದ ಖರ್ಚೆಂದು 11,904 ಯೂರೊ ಖಾತೆಯಲ್ಲಿ ಇಟ್ಟು ತೋರಿಸಬೇಕಿತ್ತು. ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ. ಫ್ಲೆಕ್ಸಿನಲ್ಲಿ ಇಷ್ಟು ದೊಡ್ಡ ಕೈಗಳಿದ್ದವಲ್ಲ, ಈ ಅಂಕಿಗೆ ಜಾಗ ಎಲ್ಲಿಂದ ಬರಬೇಕು?

ಪಠ್ಯಕ್ರಮದಲ್ಲಿ ಇನ್ನೂ ದೊಡ್ಡ ಮಜಾ ಇದೆ. ‘ಸುಸ್ಥಿರ ಮಣ್ಣಿನ ಛಾವಣಿ’ ಎಂಬ ವಿಷಯ, ಆರು ಕ್ರೆಡಿಟ್, ಬೋಧನೆ ಯುರೋಪಿನಿಂದ. ಅದೇನೆಂದರೆ ನಮ್ಮ ಮಾಳಿಗೆ. ತೊಲೆ, ಅದರ ಮೇಲೆ ಜಂತಿ, ಮೇಲೆ ಕಟ್ಟಿಗೆ ಸೊಪ್ಪು, ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸೌಳು ಮಣ್ಣು. ಸೌಳಿನಲ್ಲಿ ಸೋಡಿಯಂ ಇರುವುದರಿಂದ ನೀರು ತಗುಲಿದೊಡನೆ ಜೇಡಿಯ ಕಣ ಬಿಡಿಬಿಡಿಯಾಗಿ ಸಂದು ಮುಚ್ಚುತ್ತವೆ, ಮಳೆ ಒಳಗೆ ಇಳಿಯುವುದಿಲ್ಲ. ಮುಂಗಾರಿಗೆ ಮುಂಚೆ ಹೊಸ ಸೌಳು ಹರಡುವುದನ್ನು ತಪ್ಪಿಸಿದರೆ ಮಾತ್ರ ಮನೆಯೆಲ್ಲ ಬಿಂದಿಗೆ ಇಡಬೇಕಾದೀತು. ಮಾಳಿಗೆ ಹಾಕಿಯೇ ಕೈ ಸವೆಸಿದ ಮುದುಕ ಕೊಪ್ಪಳದ ಯಾವ ಹಳ್ಳಿಯಲ್ಲಾದರೂ ಸಿಕ್ಕಾನು. ಪಾಠ ಹೇಳಲು ಅವನಿಗೆ ಡಿಗ್ರಿ ಇಲ್ಲ. ಡಿಗ್ರಿ ಇರುವವರು ಪರದೆಯ ಮೇಲೆ ಬರುತ್ತಾರೆ. ಅಲ್ಲಿ ಚಳಿಗಾಲದ ಮಧ್ಯಾಹ್ನ ಎರಡೆಂದರೆ ಇಲ್ಲಿ ಸಂಜೆ ಆರೂವರೆ. ಜ್ಯೂರಿ, ಅಂದರೆ ವಿದ್ಯಾರ್ಥಿಗಳ ವಿನ್ಯಾಸದ ಮೌಲ್ಯಮಾಪನ, ಆರಂಭವಾಗುತ್ತದೆ, ಆರು ಮುಕ್ಕಾಲಿಗೆ ಕರೆಂಟ್ ಹೋಗುತ್ತದೆ.

ಒಪ್ಪಂದದ ವಾರ್ಷಿಕೋತ್ಸವಕ್ಕೆ ವಿದೇಶಿ ನಿಯೋಗವನ್ನು ಮೇ ತಿಂಗಳಲ್ಲೇ ಕರೆಸುವುದು ಪದ್ಧತಿ. ಬಿಸಿಲು ನಲವತ್ತು ದಾಟಿರುತ್ತದೆ. ಯಂತ್ರವಿಲ್ಲದೆ ಕಟ್ಟಡವನ್ನು ತಂಪಾಗಿಡುವ ‘ನಿಷ್ಕ್ರಿಯ ತಂಪುಗೊಳಿಸುವಿಕೆ’ಯ ಕುರಿತ ಗೋಷ್ಠಿ ಎಸಿ ಸಭಾಂಗಣದಲ್ಲಿ. ಮಿರ್ಚಿ, ಮಂಡಕ್ಕಿ ಮುಗಿಸಿ ಸಂಜೆ ಎಲ್ಲರನ್ನೂ ಬಳ್ಳಾರಿ ಕೋಟೆಗೆ ಹತ್ತಿಸುತ್ತಾರೆ. ಗೈಡು ಊರ ಕತೆ ಹೇಳುತ್ತಾನೆ: ಹೈದರಾಲಿ ಫ್ರೆಂಚ್ ಎಂಜಿನಿಯರನ್ನು ಕರೆಸಿ ಈ ಕೋಟೆ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಎಂಜಿನಿಯರನ್ನು ಗಲ್ಲಿಗೆ ಹಾಕಿದರಂತೆ.

ನಿಯೋಗದ ಹಿರಿಯರು ಕುಂಬಾರ ಗುಡ್ಡದ ಕಡೆ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಪಕ್ಕದ ಪ್ರಾಂಶುಪಾಲರನ್ನು ಮೆಲ್ಲಗೆ ಕೇಳುತ್ತಾರೆ: ‘ಗುಡ್ಡ ಅಳೆಯುವ ಕೆಲಸ ಯಾರದು ಅಂತ ಅವರ ಅನುಬಂಧದಲ್ಲಿ ಬರೆದಿತ್ತೇ?’