ನಮ್ಮ ಚಾಮರಾಜನಗರವನ್ನು ಭದ್ರಕೋಟೆ ಅನ್ನಬೇಡಿ

ನಿನ್ನೆ ಮೈಸೂರಲ್ಲಿ ಒಂದು ಮದುವೆ. ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಬೀಗರ ಕಡೆಯವರು. ಯಾವೂರು ಅಂತ ಕೇಳಿದರು. ಸಂತೇಮರಹಳ್ಳಿ ಹತ್ತಿರ ಅಂದೆ. ಮಾತು ಹೇಗೋ ಚುನಾವಣೆಗೆ ಹೊರಳಿತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವರು ಹೇಳಿದರು: "ನಿಮ್ಮ ಚಾಮರಾಜನಗರ ಬಿಡಿ ಮೇಡಂ, ಅದು ಕಾಂಗ್ರೆಸ್ ಭದ್ರಕೋಟೆ. ಅಲ್ಲಿ ನೀವು ಓಟು ಹಾಕಿದರೂ ಒಂದೇ, ಬಿಟ್ಟರೂ ಒಂದೇ."

ಆಮೇಲೆ ನನಗೆ ಊಟ ಸೇರಲಿಲ್ಲ. ಮದುವೆ ಮನೆ, ನಾನು ಹೆಣ್ಣಿನ ಕಡೆಯವಳು, ಜಗಳ ಆಡುವ ಹಾಗಿಲ್ಲ. ಸುಮ್ನೆ ಎದ್ದು ಕೈ ತೊಳೆದು ಬಂದೆ. ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ನನ್ನ ಮೊದಲ ಓಟು 2004ರಲ್ಲಿ. ಆಗ ಸಂತೇಮರಹಳ್ಳಿಯೇ ಒಂದು ವಿಧಾನಸಭಾ ಕ್ಷೇತ್ರ. ಕಾಂಗ್ರೆಸ್‌ನಿಂದ ಆರ್. ಧ್ರುವನಾರಾಯಣ, ಜೆಡಿಎಸ್‌ನಿಂದ ಎ.ಆರ್. ಕೃಷ್ಣಮೂರ್ತಿ. ಎಣಿಕೆ ಮುಗಿದಾಗ ಒಬ್ಬರಿಗೆ 40,752, ಇನ್ನೊಬ್ಬರಿಗೆ 40,751. ಒಂದು ಓಟು! ಧ್ರುವನಾರಾಯಣ ಗೆದ್ದರು. ಕೃಷ್ಣಮೂರ್ತಿ ಅವರ ಕಾರು ಓಡಿಸುತ್ತಿದ್ದವರಿಗೇ ಅವತ್ತು ಓಟು ಹಾಕಲು ಆಗಲಿಲ್ಲ ಅನ್ನುವ ಮಾತು ನಮ್ಮ ಕಡೆ ಈಗಲೂ ಓಡಾಡುತ್ತದೆ.

ಆ ವರ್ಷ ನಮ್ಮೂರಲ್ಲಿ ಓಟು ಹಾಕದೇ ಇದ್ದವರು ಪಟ್ಟ ಪಾಡು ನನಗೆ ಚೆನ್ನಾಗಿ ನೆನಪಿದೆ. ನಮ್ಮ ದೊಡ್ಡಪ್ಪ ಅವತ್ತು ಯಾರದೋ ತಿಥಿಗೆ ಅಂತ ಬೇರೆ ಊರಿಗೆ ಹೋಗಿದ್ದರು. ಆಮೇಲೆ ಎಷ್ಟೋ ತಿಂಗಳು ಅವರು ಅರಳಿಕಟ್ಟೆ ಕಡೆ ಹೋದರೆ ಸಾಕು, "ಆ ಒಂದು ಓಟು ನಿಂದೇ ಕನಣ್ಣ" ಅಂತ ಯಾರಾದರೂ ಹೇಳುತ್ತಿದ್ದರು. ದೊಡ್ಡಪ್ಪ ಅದನ್ನು ತಮಾಷೆ ಅಂತ ತಗೊಳ್ಳಲಿಲ್ಲ. ಸಾಯುವವರೆಗೂ ಒಂದು ಚುನಾವಣೆಯನ್ನೂ ತಪ್ಪಿಸಲಿಲ್ಲ.

ಈಗ ಹೇಳಿ, ಇಂಥ ಊರಿನವಳ ಮುಂದೆ ಕೂತು "ಹಾಕಿದರೂ ಒಂದೇ, ಬಿಟ್ಟರೂ ಒಂದೇ" ಅಂದರೆ ಹೇಗಾಗಬೇಡ?

ಅದು ವಿಧಾನಸಭೆ, ಲೋಕಸಭೆ ಬೇರೆ ಅನ್ನಬಹುದು. ಸರಿ, ಲೋಕಸಭೆಗೇ ಬರೋಣ. ಹೆಸರಿಗೆ ಚಾಮರಾಜನಗರ. ಆದರೆ ಎಚ್.ಡಿ. ಕೋಟೆ, ನಂಜನಗೂಡು, ವರುಣ, ತಿ. ನರಸೀಪುರ ಮೈಸೂರು ಜಿಲ್ಲೆಯವು. ಹನೂರು, ಕೊಳ್ಳೇಗಾಲ, ಚಾಮರಾಜನಗರ, ಗುಂಡ್ಲುಪೇಟೆ ನಮ್ಮ ಜಿಲ್ಲೆಯವು. ಆ ಕಡೆ ಕಬಿನಿ ಹಿನ್ನೀರು, ಈ ಕಡೆ ಮಾದಪ್ಪನ ಬೆಟ್ಟ. ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ. ಹಳೇ ಕಾಲದಲ್ಲಿ ಇದು ಕಾಂಗ್ರೆಸ್ಸಿನದೇ ಆಗಿತ್ತು, ನಾನು ಇಲ್ಲ ಅನ್ನಲ್ಲ. ಎಸ್.ಎಂ. ಸಿದ್ದಯ್ಯ, ಬಿ. ರಾಚಯ್ಯ, ಆಮೇಲೆ 1980ರಿಂದ 1991ರವರೆಗೆ ಸತತ ನಾಲ್ಕು ಸಲ ಶ್ರೀನಿವಾಸ ಪ್ರಸಾದ್. ಆದರೆ ಆ ಕೋಟೆ 1996ರಲ್ಲೇ ಬಿತ್ತು. ಆ ಸಲ ಮತ್ತು 1998ರಲ್ಲಿ ಜನತಾದಳದ ಎ. ಸಿದ್ದರಾಜು ಗೆದ್ದರು. 1999ರಲ್ಲಿ ಮತ್ತೆ ಶ್ರೀನಿವಾಸ ಪ್ರಸಾದ್, ಆದರೆ ಈ ಸಲ ಜೆಡಿಯುನಿಂದ. 2004ರಲ್ಲಿ ಜೆಡಿಎಸ್‌ನ ಎಂ. ಶಿವಣ್ಣ. ಸತತ ನಾಲ್ಕು ಸಲ ಸೋತ ಮೇಲೂ ಅದನ್ನು ಭದ್ರಕೋಟೆ ಅಂತಾರಾ?

2009ರಲ್ಲಿ ಅದೇ ಹಳೇ ಜೋಡಿ ಮತ್ತೆ ಎದುರಾಯಿತು. ಧ್ರುವನಾರಾಯಣ ಕಾಂಗ್ರೆಸ್‌ನಿಂದ, ಕೃಷ್ಣಮೂರ್ತಿ ಈಗ ಬಿಜೆಪಿಯಿಂದ. ಅಂತರ 4,002. ಒಂದು ಓಟಿನಿಂದ ಸೋತ ಮನುಷ್ಯ ಐದು ವರ್ಷ ಕಾದು ನಾಲ್ಕು ಸಾವಿರದಿಂದ ಸೋತರು. ಅವರಿಗೆ ಹೇಗಾಗಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. (2023ರಲ್ಲಿ ಅವರು ಕಾಂಗ್ರೆಸ್‌ನಿಂದ ಕೊಳ್ಳೇಗಾಲದಲ್ಲಿ ಗೆದ್ದಾಗ ನನಗೆ ತುಂಬಾ ಖುಷಿಯಾಯಿತು. ಪಕ್ಷಕ್ಕೂ ಅದಕ್ಕೂ ಸಂಬಂಧ ಇಲ್ಲ.)

ಭದ್ರಕೋಟೆ ಅನ್ನುವವರು ತಕ್ಷಣ 2014 ತೋರಿಸುತ್ತಾರೆ. ಧ್ರುವನಾರಾಯಣ 1,41,182 ಓಟಿನ ಅಂತರದಿಂದ ಗೆದ್ದರು. 2024 ತೋರಿಸುತ್ತಾರೆ. ಸುನಿಲ್ ಬೋಸ್ 1,88,706ರಿಂದ ಗೆದ್ದರು. ಅಷ್ಟೇ ಅಲ್ಲ, 2023ರಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳು ಕಾಂಗ್ರೆಸ್ಸಿಗೆ, ವರುಣದಲ್ಲಿ ಸ್ವತಃ ಸಿದ್ದರಾಮಯ್ಯ. ನಿನ್ನೆಯವರೂ ಇದನ್ನೇ ಹೇಳಿದರು. ಸರಿ, ಆದರೆ ಆ ಎರಡರ ನಡುವೆ ಒಂದು 2019 ಇದೆಯಲ್ವಾ? ಅದನ್ನು ಯಾಕೆ ನುಂಗುತ್ತೀರಿ?

2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಒಟ್ಟಿಗೆ ಇದ್ದವು. ಲೆಕ್ಕ ಹಾಕುವವರೆಲ್ಲ ಇದು ಸುಲಭ ಅಂದುಕೊಂಡಿದ್ದರು. ಬಿಜೆಪಿ ಅಲ್ಲಿಯವರೆಗೆ ಈ ಲೋಕಸಭಾ ಸೀಟನ್ನು ಒಂದು ಸಲವೂ ಗೆದ್ದಿರಲಿಲ್ಲ. ಬಿಜೆಪಿಯಿಂದ ನಿಂತವರು ಶ್ರೀನಿವಾಸ ಪ್ರಸಾದ್. 2016ರಲ್ಲಿ ಮಂತ್ರಿ ಸ್ಥಾನ ಹೋಗಿ, ಕಾಂಗ್ರೆಸ್ ಬಿಟ್ಟು, 2017ರ ನಂಜನಗೂಡು ಉಪಚುನಾವಣೆಯಲ್ಲಿ ಸೋತು ಕೂತಿದ್ದವರು. ಅವರಿಗೆ 5,68,537. ಧ್ರುವನಾರಾಯಣ ಅವರಿಗೆ 5,66,720. ಅಂತರ 1,817.

ಬಿಎಸ್‌ಪಿಗೆ ಎಂಬತ್ತು ಸಾವಿರಕ್ಕೂ ಜಾಸ್ತಿ ಓಟು ಬಿದ್ದಿತ್ತು. ಯಾರೂ ಬೇಡ ಅಂತ ನೋಟಾ ಒತ್ತಿದವರೇ ಹನ್ನೆರಡು ಸಾವಿರಕ್ಕಿಂತ ಹೆಚ್ಚು. ಮತಗಟ್ಟೆಗೇ ಬಾರದವರು ಸುಮಾರು ನಾಲ್ಕು ಲಕ್ಷ.

ಆ ನಾಲ್ಕು ಲಕ್ಷದಲ್ಲಿ ನಾನೂ ಒಬ್ಬಳು.

ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ. 2019ರ ಏಪ್ರಿಲ್ 18 ಗುರುವಾರ ಮತದಾನ. ಮಾರನೇ ದಿನ ಗುಡ್ ಫ್ರೈಡೇ ರಜ. ನಾವು ಏಳು ಜನ ಸೇರಿ ಊಟಿಗೆ ಹೊರಟೆವು. ಬೆಳಗ್ಗೆ ಆರಕ್ಕೆ ಬಂಡೀಪುರದ ಗೇಟು ತೆಗೆಯುವುದು, ಮತದಾನ ಶುರುವಾಗುವುದು ಏಳಕ್ಕೆ. ಒಂದೆರಡು ಗಂಟೆ ತಡ ಮಾಡಿದ್ದರೆ ಓಟು ಹಾಕಿಯೇ ಹೊರಡಬಹುದಿತ್ತು. ಮಾಡಲಿಲ್ಲ. ಗಾಡಿಯಲ್ಲಿದ್ದ ಏಳೂ ಜನ ಇದೇ ಲೋಕಸಭಾ ಕ್ಷೇತ್ರದವರು. "ಹೆಂಗಿದ್ರೂ ಧ್ರುವಣ್ಣನೇ ಗೆಲ್ಲೋದು" ಅಂತ ಒಬ್ಬರು ಅಂದರು. ಯಾರೂ ಅಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಮೊದಲ ಓಟನ್ನು ಒಂದೇ ಓಟಿನ ಚುನಾವಣೆಯಲ್ಲಿ ಹಾಕಿದವಳು ನಾನು!

ನಮ್ಮ ಏಳು ಓಟಿನಿಂದ ಫಲಿತಾಂಶ ಬದಲಾಗುತ್ತಿರಲಿಲ್ಲ, ನಿಜ. ಆದರೆ ಅವತ್ತು ಬಂಡೀಪುರದ ಗೇಟಿನಲ್ಲಿ ನಮ್ಮ ಹಿಂದೆ ಉದ್ದಕ್ಕೆ ಗಾಡಿ ನಿಂತಿದ್ದವು. ಎಷ್ಟು ಗಾಡಿಯಲ್ಲಿ ಇದೇ ಮಾತು ನಡೆದಿತ್ತೋ. ಯಾರು ಯಾರಿಗೆ ಹಾಕುತ್ತಿದ್ದರು ಅನ್ನುವುದು ನನಗೆ ಮುಖ್ಯ ಅಲ್ಲ. "ಹೆಂಗಿದ್ರೂ" ಅನ್ನುವ ಆ ಮಾತಿನ ಮೇಲೆ ನನಗೆ ಸಿಟ್ಟು. ಭದ್ರಕೋಟೆ ಅನ್ನುವ ಪದ ಆ ಮಾತನ್ನೇ ಹುಟ್ಟಿಸುವುದು.

ಮೇ 23ರಂದು ಎಣಿಕೆ. ಅಪ್ಪ ಟಿವಿ ಮುಂದಿಂದ ಏಳಲಿಲ್ಲ. 1,817 ಅಂತ ಬಂದಾಗ ನನ್ನ ಕಡೆ ತಿರುಗಿ, "ನೀ ಅವತ್ತು ಹೋಗ್ನಿಲ್ಲ ಅಲ್ವ ಕೂಸು" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಲೆಕ್ಕ ಇದೆ. ಇದನ್ನು ನಾನೇ ಕೂತು ನೋಡಿದ ಮೇಲೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. 2014ರಲ್ಲಿ ಧ್ರುವನಾರಾಯಣ ಅವರಿಗೆ ಬಿದ್ದ ಓಟು 5,67,782. 2019ರಲ್ಲಿ 5,66,720. ಐದು ವರ್ಷದಲ್ಲಿ ಕಮ್ಮಿಯಾಗಿದ್ದು ಬರೀ 1,062. ಅಷ್ಟು ಓಟು ಒಂದು ಸಲ 1,41,182ರ ಗೆಲುವು ಕೊಟ್ಟಿತು. ಇನ್ನೊಂದು ಸಲ ಹೆಚ್ಚುಕಡಿಮೆ ಅಷ್ಟೇ ಓಟು ಸೋಲು ಕೊಟ್ಟಿತು. ಮುಂದೆ ನೋಡಿ. 2019ರಲ್ಲಿ ಬಿಜೆಪಿಯ ಗೆಲುವಿನ ಓಟು 5,68,537. 2024ರಲ್ಲಿ ಅದೇ ಪಕ್ಷದ ಎಸ್. ಬಾಲರಾಜ್ ಅವರಿಗೆ 5,62,965. ಬರೀ ಐದೂವರೆ ಸಾವಿರ ಚಿಲ್ಲರೆ ಕಮ್ಮಿ. ಆದರೆ ಸೋಲು 1,88,706ರದ್ದು.

ಐದು ಲಕ್ಷ ಅರವತ್ತು ಸಾವಿರ ಚಿಲ್ಲರೆ ಓಟು ಒಬ್ಬರಿಗೆ ಭರ್ಜರಿ ಗೆಲುವು, ಇನ್ನೊಬ್ಬರಿಗೆ ಕೂದಲೆಳೆಯ ಗೆಲುವು, ಮತ್ತೊಬ್ಬರಿಗೆ ದೊಡ್ಡ ಸೋಲು. ಎದುರಿನ ರಾಶಿ ಎಷ್ಟು ಬೆಳೆಯುತ್ತದೆ ಅನ್ನುವುದರ ಮೇಲೆ ನಿಂತಿದೆ ಎಲ್ಲ. ಈ ರಾಶಿಗೆ ಬಂದು ಸೇರುವವರು ಯಾರು? ಹೊಸದಾಗಿ ಓಟು ಹಾಕುವವರು, ಮೂರನೇ ಪಕ್ಷ ಬಿಟ್ಟು ಬಂದವರು, ಹಿಂದಿನ ಸಲ ಊಟಿಗೆ ಹೋಗಿದ್ದವರು. ಇಂಥದ್ದನ್ನು ಕೋಟೆ ಅನ್ನಬಾರದು. ಇದು ನಮ್ಮ ಸುವರ್ಣಾವತಿ ಹೊಳೆಯ ಹಾಗೆ. ಒಂದು ವರ್ಷ ದಂಡೆ ತುಂಬಿ ಹರಿಯುತ್ತದೆ, ಮುಂದಿನ ವರ್ಷ ನಡೆದುಕೊಂಡೇ ದಾಟಬಹುದು.

"ಯಾರು ಗೆದ್ದರೂ ನಮ್ಮ ಕಡೆ ಏನೂ ಆಗಲ್ಲ" ಅನ್ನುವವರ ಮಾತು ಬೇರೆ. ಅದನ್ನು ನಾನು ತಳ್ಳಿಹಾಕಲಾರೆ. 2024ರ ಏಪ್ರಿಲ್ 26ರಂದು ಮಾದಪ್ಪನ ಬೆಟ್ಟದ ಕಡೆಯ ಇಂಡಿಗನತ್ತದಲ್ಲಿ ರಸ್ತೆ ಇಲ್ಲ, ನೀರಿಲ್ಲ ಅಂತ ಬಹಿಷ್ಕಾರ ಹಾಕಿದ್ದರು. ಗಲಾಟೆಯಾಗಿ ಮತಯಂತ್ರವೇ ಪುಡಿಯಾಯಿತು. 29ಕ್ಕೆ ಮರುಮತದಾನ ಮಾಡಬೇಕಾಯಿತು. ಯಂತ್ರ ಒಡೆದಿದ್ದು ತಪ್ಪು. ಆದರೆ ಅವರ ಸಿಟ್ಟಿಗೆ ಕಾರಣ ಇತ್ತು. ಹೋಳಿಗೆ ತಿನ್ನುತ್ತಾ "ಹಾಕಿದರೂ ಒಂದೇ" ಅನ್ನುವವರಿಗೆ ಯಾವ ಕಾರಣ ಇದೆ?

ಅದೇ ಏಪ್ರಿಲ್ 29ರಂದು ಶ್ರೀನಿವಾಸ ಪ್ರಸಾದ್ ತೀರಿಕೊಂಡರು. ಧ್ರುವನಾರಾಯಣ ಅದಕ್ಕೂ ಒಂದು ವರ್ಷ ಮೊದಲೇ, 2023ರ ಮಾರ್ಚ್ 11ರಂದು ಹೋಗಿಬಿಟ್ಟಿದ್ದರು. 1,817ರ ಆಚೆ ಈಚೆ ನಿಂತಿದ್ದ ಇಬ್ಬರೂ ಈಗ ಇಲ್ಲ.

ಇವತ್ತು ಬೆಳಗ್ಗೆ ಅಪ್ಪನಿಗೆ ಫೋನ್ ಮಾಡಿ ಮದುವೆ ಮನೆಯ ಕಥೆ ಹೇಳಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಹಾಗೇ ಬಾಯಿಗೆ ಬಂತು, ಕೇಳಿಬಿಟ್ಟೆ: "ಅಪ್ಪ, 2004ರಲ್ಲಿ ನೀನು ಯಾರಿಗೆ ಹಾಕಿದ್ದೆ?"

"ನೀ ಯಾರ್ಗ ಹಾಕಿದ್ದೆ ಮೊದ್ಲು ಅದ ಹೇಳು" ಅಂದರು.

ನಾನು ಹೇಳಲಿಲ್ಲ. ಅವರೂ ಹೇಳಲಿಲ್ಲ.